ಕಡ ತಂದ ಹತ್ತು

ಜುಲೈ ಎರಡನೇ ವಾರ, ಪರೀಕ್ಷೆ ಮುಗಿದ ಮಧ್ಯಾಹ್ನ
ಮೇಲಿನಿಂದ ಒಂದು ನಮೂನೆ ಬಂತು:
ನಾಲ್ಕನೇ ಇಯತ್ತೆಯ ಮೂವತ್ತೊಂದು ಮಕ್ಕಳನ್ನು
ಮೂರು ಪಟ್ಟಿ ಮಾಡಿ ಕಳಿಸಿರಿ.

ಮೊದಲ ಪಟ್ಟಿ, ಎಲ್ಲರ ಜೊತೆ ಕೂತು ಕಲಿಯುವವರು.
ಎರಡನೆಯದು, ವಾರಕ್ಕೆ ಮೂರು ದಿನ
ಐದಾರು ಜನ, ಬೇವಿನ ಕಟ್ಟೆಯ ಮೇಲೆ.
ಮೂರನೆಯದು ಒಬ್ಬೊಬ್ಬರೇ,
ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ.

ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಖಣಿಯಿಂದ ಎದ್ದ ಪರ್ಸಿಯನ್ನೂ ಹೀಗೇ ಆರಿಸುತ್ತಾರೆ
ನಮ್ಮ ಚಿತ್ತಾಪುರದ ದಾರಿಯಲ್ಲಿ:
ಪಡಸಾಲೆಗೆ, ದನದ ಕೊಟ್ಟಿಗೆಗೆ,
ಮೂಲೆ ಮುರಿದದ್ದು ಗಟಾರದ ಮುಚ್ಚಳಕ್ಕೆ.

ಎರಡನೇ ಪಟ್ಟಿಯ ಮೌಲಾಲಿಗೆ ಒತ್ತಕ್ಷರ ಕಾಣುವುದಿಲ್ಲ.
ಅಕ್ಷರದ ಕೆಳಗೆ ಜೋತ ಆ ಸಣ್ಣ ಬಾಲ
ಅವನ ಕಣ್ಣಿಗೆ ಹಾಳೆಗಂಟಿದ ಧೂಳು.
‘ಅಜ್ಜಿ ಕತ್ತೆಗೆ ಹುಲ್ಲು ಹಾಕಿದಳು’ ಅಂತ ಪುಸ್ತಕದಲ್ಲಿದ್ದರೆ
‘ಅಜಿ ಕತೆಗೆ ಹುಲು ಹಾಕಿದಳು’ ಅಂತ ಓದಿದ.
ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ.
ನಾನೊಬ್ಬಳು ಒಂದು ಗಳಿಗೆ
ಆ ಕತೆ ಮೇಯುವುದನ್ನೇ ನೋಡುತ್ತ ಉಳಿದೆ.
ಆಮೇಲೆ ಅವನ ಬೆರಳು ಹಿಡಿದು ಒತ್ತಿಸಿದೆ:
‘ಇಲ್ಲಿ ನಿಲ್ಲು, ಮೌಲಾಲಿ. ನಾಲಿಗಿ ಇಲ್ಲಿ ಒಂಚೂರು ಕುಂದರಬೇಕು.’
ಹದಿನೆಂಟು ದಿನಕ್ಕೆ ಕತ್ತೆ ಕತ್ತೆಯಾಯಿತು.
ಹುಲ್ಲು ಇನ್ನೂ ಹುಲು.

ಮೂರನೇ ಪಟ್ಟಿಯಲ್ಲಿ ಒಂದೇ ಹೆಸರು, ಗೋಮಲಿ,
ತಾಂಡಾದಿಂದ ನಡೆದು ಬರುವ ರಾಠೋಡರ ಹುಡುಗಿ.
ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ ಮೂವತ್ತೈದು.
ಎಂಬತ್ತಮೂರರಲ್ಲಿ ನಲವತ್ತೆಂಟು ಕಳೆದರೆ ನಲವತ್ತೈದು.
ತಪ್ಪು. ತಪ್ಪು. ಕೆಂಪು ಗೆರೆ.
ನಾಲ್ಕು ವಾರ ಅದೇ ಲೆಕ್ಕ, ಅದೇ ಗೆರೆ,
ನನ್ನ ದನಿ ಮಾತ್ರ ದಿನಕ್ಕೊಂದು ಚೂರು ಏರುತ್ತಿತ್ತು.
ಅದನ್ನು ನಮೂನೆಯಲ್ಲಿ ಬರೆಯಲಿಲ್ಲ.

ಐದನೇ ವಾರ ತೊಗರಿ ಕಟ್ಟಿಗೆ ಮುರಿದು ತಂದೆ,
ಹತ್ತತ್ತು ಕಡ್ಡಿ ಸೇರಿಸಿ ದಾರ ಸುತ್ತಿದೆ.
ನೆಲದ ಪರ್ಸಿಯ ಮೇಲೆ ಬಳಪದ ಗೆರೆ,
ಈ ಕಡೆ ಹತ್ತರ ಮನೆ, ಆ ಕಡೆ ಬಿಡಿ ಮನೆ.
‘ಎರಡರಾಗ ಏಳು ಹೋಗಂಗಿಲ್ಲ.
ಬಾಜೂ ಮನ್ಯಾಗ ಒಂದು ಕಡ ತೊಗೊ.’
ತಗೊಂಡಳು. ಬಿಚ್ಚಿದಳು.
ಹನ್ನೆರಡರಲ್ಲಿ ಏಳು ತೆಗೆದು ಐದು ಉಳಿಸಿದಳು.
ಸರಿಯಿತ್ತು. ಇಲ್ಲಿಯವರೆಗೆ ದಿನಾ ಸರಿಯೇ ಇತ್ತು.
ಆಮೇಲೆ ನನ್ನ ಚೀಲಕ್ಕೆ ಕೈ ಹಾಕಿ
ಬೇರೆ ಹತ್ತು ಕಡ್ಡಿ ಎಣಿಸಿ, ದಾರ ಸುತ್ತಿ,
ಹತ್ತರ ಮನೆಯಲ್ಲಿ ಮೆಲ್ಲಗೆ ಇಟ್ಟಳು.

‘ಯಾಕವ್ವ?’
‘ಕಡ ತಂದಿದ್ನೆಲ್ರೀ ಟೀಚರ್. ತಿರುಗಿ ಕೊಡಬೇಕಲ್ರೀ?’

ಹೊರಗೆ ವಾಡಿ ಕಡೆಗೆ ಗೂಡ್ಸ್ ಗಾಡಿ ಹೊರಟಿತ್ತು, ಬಹಳ ಉದ್ದದ್ದು.
ಅದು ಮುಗಿಯುವವರೆಗೆ ಮಾತಾಡುವ ಅಗತ್ಯವಿರಲಿಲ್ಲ.
ಪ್ರತಿ ಉತ್ತರವೂ ಹತ್ತು ಹೆಚ್ಚು.
ಒಂಬತ್ತಲ್ಲ, ಹನ್ನೊಂದಲ್ಲ, ಹತ್ತು.
ನಾಲ್ಕು ವಾರ ಅವಳು ಬರೆದದ್ದನ್ನು
ಓದಲು ಬಾರದೆ ಗೆರೆ ಎಳೆದವಳು ನಾನು.
ಯಾವ ಪಟ್ಟಿಗೆ ಸೇರಿಸಬೇಕಿತ್ತು ನನ್ನನ್ನು?

ಕಡ ಅನ್ನುವುದನ್ನು ಬಿಟ್ಟೆ. ಚಿಲ್ಲರೆ ಅಂದೆ.
‘ಹತ್ತರ ನೋಟು ಒಡಿಸಿದ್ರ ಯಾರಿಗೂ ಬಾಕಿ ಇಲ್ಲ.’
ಹುಬ್ಬು ಗಂಟಿಕ್ಕಿ ನೋಡಿದಳು ಕಡ್ಡಿಗಳನ್ನು, ನನ್ನನ್ನು.
ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ತೆಗೆದಳು.
ಇಪ್ಪತ್ತೈದು.
ನಗಲಿಲ್ಲ. ಇನ್ನೊಂದು ಲೆಕ್ಕ ಕೇಳಿದಳು.

ನವೆಂಬರಿನಲ್ಲಿ ಬಂದ ಸಾಹೇಬರು ಕೇಳಿದರು,
ಮೂರರಿಂದ ಎರಡಕ್ಕೆ ಏರಿದವರು ಎಷ್ಟು?
‘ಒಂದು’ ಅಂದೆ. ಬರೆದುಕೊಂಡರು. ಚಹಾ ಕುಡಿದು ಹೋದರು.

ಆದರೆ ಅವತ್ತು, ಗಂಟೆ ಹೊಡೆದ ಮೇಲೆ,
ಕಸ ಗುಡಿಸಲೆಂದು ಒಳಗೆ ಬಂದರೆ
ನೆಲದ ಮೇಲೆ ಒಂದು ಕಡ್ಡಿಯೂ ಚೆಲ್ಲಿರಲಿಲ್ಲ.
ಐದು ಕಟ್ಟು, ಎರಡು ಬಿಡಿ,
ಅವವುಗಳ ಮನೆಯಲ್ಲಿ.
ದಾರ ಸಾಲದೆ ಕೊನೆಯ ಕಟ್ಟಿಗೆ
ಜಡೆಯ ಕೆಂಪು ರಿಬ್ಬನ್ ಸುತ್ತಿತ್ತು.

ಬಿಚ್ಚಿ ಕೊಡಬೇಕು ಅಂತ
ದಿನಾ ಅಂದುಕೊಳ್ಳುತ್ತೇನೆ.