ಮಡಿಸಬಾರದ್ದು

ಸೀಸದ ಏಪ್ರನ್ನು ಮಡಿಸಬೇಡ ಅಂತ
ಚಿಕ್ಕನರಸಮ್ಮನಿಗೆ ನೂರು ಸಲ ಹೇಳಿದ್ದೇನೆ.
ಕಸ ಹೊಡೆದು ಹೋಗುವಾಗ, ಪಾಪ,
ಮದುವೆ ಸೀರೆಯ ಹಾಗೆ ನಾಲ್ಕು ಮಡಿಕೆ ಮಾಡಿ
ಸ್ಟೂಲಿನ ಮೇಲಿಟ್ಟಿರುತ್ತಾಳೆ.
ಮಡಿಕೆಯ ಗೆರೆಯಲ್ಲೇ ಸೀಸ ಬಿರಿಯುತ್ತೆ,
ಹೊರಗಿನ ಬಟ್ಟೆ ಮಾತ್ರ ನೆಟ್ಟಗೇ ಇರುತ್ತೆ.

ಚಿಂತಾಮಣಿ ಸರ್ಕಾರಿ ಆಸ್ಪತ್ರೆ, ರೂಮ್ ನಂಬರ್ ಒಂಬತ್ತು,
ಎಕ್ಸ್‌ರೇ, ನನ್ನದು.
ಗೋಡೆಯಾಚೆ ಹತ್ತು, ಸ್ಕ್ಯಾನಿಂಗು, ಡಾಕ್ಟರ್ ಶಬ್ರೀನ್‌ದು.
ಎರಡಕ್ಕೂ ಜನ ಇಟ್ಟ ಹೆಸರು ಒಂದೇ: ಫೋಟೋ.

ಬಟ್ಲಹಳ್ಳಿಯ ಅಂಜಿನಮ್ಮ ಬಂದದ್ದು ಕೆಮ್ಮಿಗೆ.
ಮೂರು ವಾರದ ಕೆಮ್ಮು, ಕೈಯಲ್ಲಿ ಚೀಟಿ, ಬೆನ್ನಿಗೆ ಅತ್ತೆ.
ಬಟನ್ ಒತ್ತುವ ಮೊದಲು ನಾನು ಕೇಳಲೇಬೇಕಾದ್ದೊಂದಿದೆ.
ಅತ್ತೆಯನ್ನು ಆಚೆ ಕಳಿಸಿ ಕೇಳಿದೆ,
"ಹೊರಗಾಗಿ ಎಷ್ಟು ದಿನ ಆಯ್ತು?"

ಗೋಡೆ ನೋಡಿದಳು. ಕ್ಯಾಸೆಟ್ಟು ನೋಡಿದಳು.
"ನಲವತ್ತೆಂಟು. ಇನ್ನೂ ಯಾರಿಗೂ ಹೇಳಿಲ್ಲಕ್ಕ."
ಎರಡು ಹೆಣ್ಣಾದ ಮೇಲಿನ ದಿನಗಳನ್ನು
ಸೆರಗಿನ ಗಂಟಲ್ಲಿ ಚಿಲ್ಲರೆಯ ಹಾಗೆ ಕಟ್ಟಿಕೊಂಡಿದ್ದಳು.

ಡಾಕ್ಟರನ್ನು ಕೇಳಿ ಬಂದೆ. ಎದೆಯದು ಬೇಕೇ ಬೇಕು ಅಂದರು.
ಏಪ್ರನ್ನು ಅವಳ ಸೊಂಟಕ್ಕೆ ಸುತ್ತಿ ಕಟ್ಟಿದೆ.
"ಏನಕ್ಕ ಇಷ್ಟು ಭಾರ?"
"ಇರಲಿ, ಭಾರ ಇರೋದೇ ಒಳ್ಳೇದು. ಉಸಿರು ಎಳಕೋ. ಹಿಡಕೋ."
ಸೀಸದ ಗಾಜಿನ ಹಿಂದೆ ನಿಂತು
ನಾನೂ ಹಿಡಿದೆ.

ಐದನೇ ತಿಂಗಳಿಗೆ ಪಕ್ಕದ ರೂಮಿಗೆ ಬಂದಳು.
"ಅಕ್ಕ, ಇಲ್ಲಿ ಆ ಭಾರದ್ದು ಕಟ್ಟಲ್ವಾ?"
"ಇದು ಬರೀ ಶಬ್ದ ಕಣೆ. ಬಾವಿಗೆ ಕಲ್ಲು ಹಾಕಿ
ಗುಳುಂ ಅನ್ನೋದು ಕೇಳಿ ಆಳ ಹೇಳ್ತಿದ್ವಲ್ಲ, ಹಂಗೆ.
ಶಬ್ದ ಸುಡಲ್ಲ."

ಹೇಳಿದ್ದು ನಿಜ. ಆದರೂ
ಸುಡುವ ನನ್ನ ಮಷೀನಿಗೆ ಒಂದು ಹಳದಿ ಬೋರ್ಡು, ಒಂದು ಕೆಂಪು ದೀಪ.
ಸುಡದ ಅದಕ್ಕೆ ಬಾಗಿಲ ತುಂಬ ಕಾನೂನು,
ಹೊಟ್ಟೆಗೊಂದು ಫಾರಂ, ಫಾರಮ್ಮಿಗೆರಡು ಸಹಿ.

ಕಾರಿಡಾರಿನಲ್ಲಿ ಅತ್ತೆ ನನ್ನ ಮೊಣಕೈ ಹಿಡಿದಳು.
ಎಲೆಅಡಿಕೆ ಚೀಲದ ಬಾಯಿ ಸಡಿಲಿಸಿ
ಐನೂರರ ನೋಟಿನ ತುದಿ ತೋರಿಸಿದಳು.
"ನೀನು ಒಳಗಿನೋಳು. ಲಡ್ಡೂನಾ, ಜಿಲೇಬೀನಾ?"
"ಗುಂಡಿಗೆ ಐತೆ" ಅಂದೆ.
"ನಿಮಿಷಕ್ಕೆ ನೂರ ನಲವತ್ತು ಸಲ ಬಡೀತೈತೆ. ಬೇರೇನೂ ನಂಗೆ ಗೊತ್ತಿಲ್ಲ."
ಆಗ ಅವಳು ನೋಡಿದ ನೋಟ.

ನನ್ನ ಎದೆಯ ಬ್ಯಾಡ್ಜು ಮೂರು ತಿಂಗಳಿಗೊಮ್ಮೆ
ಟಪಾಲಿನಲ್ಲಿ ಹೋಗಿ ಲೆಕ್ಕ ಒಪ್ಪಿಸುತ್ತೆ.
ಈ ಸಲದ್ದೂ ಬಂತು: ಮಿತಿಯೊಳಗಿದೆ.
ಆ ನೋಟ ಅದರಲ್ಲಿ ಸೇರಿಲ್ಲ.

ಸಂಜೆ ಚಿಕ್ಕನರಸಮ್ಮ ಪೊರಕೆ ಒರಗಿಸಿ
ಏಪ್ರನ್ನಿಗೆ ಕೈ ಹಾಕಿದಳು, ಏನೋ ನೆನಪಾಗಿ ತಡೆದಳು,
ಗೋಡೆಯ ಮೊಳೆ ಅಲ್ಲಾಡಿಸಿ ನೋಡಿದಳು.
"ಇದು ತಡೆಯಲ್ಲವ್ವ," ಅಂದಳು,
"ಈ ಭಾರ ತೂಗಾಕೋಕೆ ಒಂದು ಭುಜಾನೇ ಬೇಕು."