ಏಳನೇ ತೊಲೆ

ಸೂರ್ ಊರಿನ ವಾಚನಾಲಯಕ್ಕೆ ಎ.ಸಿ. ಕೊಳವೆ ಎಳೆಯಲು
ಏಣಿ ಹತ್ತಿ, ಜಿಪ್ಸಮ್ ಹಲಗೆಯೊಂದನ್ನು ಸರಿಸಿ
ತಲೆ ತೂರಿಸಿದೆ. ಅದರ ಮೇಲೆ ಇನ್ನೊಂದು ಮಾಡು.
ಟಾರ್ಚು ಬಿಟ್ಟರೆ ತೊಲೆಯ ಪಕ್ಕೆಯಲ್ಲಿ
ಉಳಿ ಕೊರೆದ ಅಂಕಿ: ೪.
ಅದರಾಚೆ ೫. ಅದರಾಚೆ ೬.

ಕೆಳಗಿಂದ ಥುರಯಾ ಕೇಳಿದಳು: ಇಲಿಯಾ?
ಅಲ್ಲ ಮೇಡಂ, ನಮ್ಮ ಕಡೆಯ ಆಚಾರಿ.

ಪೇಪರಿನ ಮೇಜಿಗೆ ದಿನವೂ ಬರುವ ಮುದುಕ ಬಖೀತ್
ಮಡಿಸಿಟ್ಟು ಹೇಳಿದ: ಇದು ಮೊದಲು ಖರ್ಜೂರದ ಉಗ್ರಾಣ.
ಮೂಟೆಯ ಮೇಲೆ ಮೂಟೆ ಒಟ್ಟಿದರೆ
ತಮ್ಮ ಭಾರಕ್ಕೆ ತಾವೇ ಬೆವತು
ನೆಲದ ಗೀರುಗಳಲ್ಲಿ ಪಾಕ ಹರಿದು
ಮೂಲೆಯ ಗಡಿಗೆಗೆ ಬೀಳುತ್ತಿತ್ತಂತೆ.
ಆಮೇಲೆ ಸುಂಕದವರು. ಆಮೇಲೆ ಎರಡು ವರ್ಷ
ಸಿಡುಬಿನ ಚುಚ್ಚುಮದ್ದು (ತೋಳು ಎತ್ತಿ ತೋರಿಸಿದ).
ಶಾಲೆ ನಡೆದದ್ದು ಒಂದೇ ಬೇಸಿಗೆ.
ಪುಸ್ತಕ ಬಂದದ್ದು ಕೊನೆಗೆ, ಮೀನಿನ ಲಾರಿಯಲ್ಲಿ,
ಮಂಜುಗಡ್ಡೆ ಇಳಿಸಿದ ಮೇಲೆ.
ಗೀರುಗಳಿಗೆ ಸಿಮೆಂಟು ತುಂಬಿ ಟೈಲ್ಸ್ ಹಾಸಿದರು.
ಇರುವೆಗಳಿಗೆ ಯಾರೂ ತಿಳಿಸಲಿಲ್ಲ.
ಜೂನ್ ಬಂತೆಂದರೆ ಭೂಗೋಳದ ಕಪಾಟಿನ ಬುಡದಲ್ಲಿ
ಇವತ್ತಿಗೂ ಸಾಲು.

ಮತ್ತೆ ಹತ್ತಿದೆ. ೮, ೯, ೧೦.
ಫೋಟೋ ತೆಗೆದು ತೋರಿಸಿದರೆ ಬಖೀತ್
ಹತ್ತರ ಸೊನ್ನೆಗೆ ಬೆರಳಿಟ್ಟು ಖಂಸಾ ಅಂದ, ಐದು.
ಅವರ ಐದು ಹಾಗೇ ಇರುತ್ತೆ, ದುಂಡಗೆ.
ನಾವು ಏನೂ ಇಲ್ಲ ಅನ್ನುವಲ್ಲಿ ಅವನಿಗೆ
ಒಂದು ಕೈ ತುಂಬ ಬೆರಳು.

ಆದರೆ ಆರಾದ ಮೇಲೆ ನೇರ ಎಂಟು.
ನಡುವೆ ಒಂದು ಗುಂಡು ಮರ,
ಹಗ್ಗ ಉಜ್ಜಿದ ಕಚ್ಚು, ರಾಟೆಯ ತೂತು.
ಅದು ಹಾಯಿಕಂಬ, ಅಂದ.
ಹೊನ್ನಾವರದಲ್ಲಿ ಅಳತೆಗೆ ಕೊಯ್ದು ಗುರುತು ಹಾಕಿ
ಕಳಿಸಿದ ಹತ್ತರಲ್ಲಿ ಒಂದನ್ನು
ಅಳಿವೆ ಬಾಯಲ್ಲೇ ಕಡಲು ಇಟ್ಟುಕೊಂಡಿತು.
ಹಡಗಿನ ನಾಖುದ, ಬಖೀತನ ಅಜ್ಜ,
ಒಪ್ಪಿಕೊಂಡ ಲೆಕ್ಕಕ್ಕೆ ತನ್ನ ಕಂಬವನ್ನೇ ಕಡಿಸಿ ಕೊಟ್ಟು
ಎರಡು ವರ್ಷ ದಡದಲ್ಲಿ ಕೂತು ಬಲೆ ಹೆಣೆದ.
ಸುಳ್ಳಿರಬಹುದು. ಮುದುಕರ ಕಡಲು
ಯಾವತ್ತೂ ಒಂದು ಮಾರು ಹೆಚ್ಚು.

ನಮ್ಮಲ್ಲಿ ಸೂರು ಅಂದರೆ ಮಾಡಿನಂಚು,
ಮಳೆನೀರು ಇಳಿಯುವ ಜಾಗ, ಅಂತ ಥುರಯಾಗೆ ಹೇಳಿದೆ.
ಮಳೆಯಾ, ಅಂದಳು, ಮೊಹರು ಒತ್ತುತ್ತ.

ಹಲಗೆ ಮುಚ್ಚುವ ಮುಂಚೆ
ಕಿವಿಯ ಸಂದಿನ ಪೆನ್ಸಿಲ್ ತೆಗೆದು
ಹಾಯಿಕಂಬಕ್ಕೆ ೭ ಬರೆಯಲು ಹೋದೆ.
ಕೈ ನಿಂತಿತು. ಏಳು ಇದೆಯಲ್ಲ ಎಲ್ಲೋ,
ಶರಾವತಿಯ ಕೆಸರಲ್ಲಿ, ತನ್ನ ಅಂಕಿಯ ಸಮೇತ.

ಮೂರು ಸ್ಕ್ರೂ ಬಿಗಿದೆ.
ನಾಲ್ಕನೆಯದು ಸಿಗಲಿಲ್ಲ.