ಸಿಂಧನೂರು ಮಾರ್ಗವಾಗಿ ಸಮುದ್ರಕ್ಕೆ

ಸಮುದ್ರ ಇರುವುದು ಪಡುವಣಕ್ಕೆ.
ಗಾದಿಲಿಂಗ ಓಮ್ನಿಯ ಮೂತಿಯನ್ನು
ಸಿರುಗುಪ್ಪದ ಕಡೆ ಹೊರಳಿಸಿದ.
ದಾರಿ ತಪ್ಪಿತೇನು ಅಂದೆ.
"ಗಾಳಿಗೆ ಎದುರಾಗಿ ಹಾಯಿದೋಣಿ
ನೆಟ್ಟಗೆ ಹೋಗಂಗಿಲ್ಲ ಹುಲಿಗೀ,
ಓರೆ ಓರೆ ಹೋಗ್ಬೇಕಂತೆ."
ಗಾಳಿ ಎಲ್ಲಿತ್ತು?
ಕೌಲ್‌ಬಜಾರಿನ ತಂತಿಯ ಮೇಲೆ
ನಾನೇ ಹೊಲಿದ ಜೀನ್ಸುಗಳು
ಕಾಲು ಇಳಿಬಿಟ್ಟು ಅಲುಗದೆ ನೇತಿದ್ದವು.

ಎಷ್ಟೋ ವರ್ಷ ಅದಿರು ಹೊತ್ತು ಬೇಲೇಕೇರಿಗೆ ಹೋದವನು.
ಕೆಂಪಾಗಿ ಹೋಗಿ ಕೆಂಪಾಗಿ ಬರುತ್ತಿದ್ದ.
ಒಂದು ಸಲ ಅಂಗಿ ತೋಯಿಸಿಕೊಂಡು ಬಂದು
ತೋಳು ಮುಂದೆ ಚಾಚಿ, ನೆಕ್ಕು ಅಂದ.
ಉಪ್ಪು.
ಮದುವೆಯಾಗಿ ಏಳು ವರ್ಷಕ್ಕೆ
ನನ್ನ ಪಾಲಿಗೆ ಬಂದ ಸಮುದ್ರ ಅಷ್ಟು.

ಈಗ ಲಾರಿ ಮಾರಿದ ದುಡ್ಡಿಗೆ
ಕಾರವಾರದ ಸಾಂತಾನ್ ಮಾಸ್ತರರ ಇಪ್ಪತ್ತಾರಡಿ ದೋಣಿ.
ಅವರಿಗೆ ಹಳೆಯದು, ನಮಗೆ ಹೊಸದು.
ಫೋನಿನಲ್ಲಿ ನೋಡಿದ್ದೇನೆ: ಬಿಳಿ ಹೊಟ್ಟೆ, ಒಂಟಿ ಕಂಬ,
ಮಲಗುವ ಜಾಗ ನನ್ನ ಕಟಿಂಗ್ ಟೇಬಲ್ಲಿಗಿಂತ
ಎರಡು ಗೇಣು ಕಮ್ಮಿ.
ಹರಿದ ಹಾಯಿಯನ್ನು ಗೋಣಿಯಲ್ಲಿ ತುಂಬಿ ತಂದಿದ್ದ.
ಜೀನ್ಸಿನ ಸೂಜಿ, ಕಿತ್ತಳೆ ದಾರ, ಡಬಲ್ ಹೊಲಿಗೆ.
ಬಿಳಿ ಬಟ್ಟೆಗೆ ಬೇರೆ ದಾರ ಇರಲಿಲ್ಲವೇ ಎಂದ.
ಇತ್ತು.
ನನ್ನ ಕೈ ಎಲ್ಲಿ ಹಾದಿದೆಯೆಂದು
ನೀರಿನ ನಡುವೆ ಕಾಣಬೇಕಲ್ಲ.

ನೆಲ ಬಿಡುವ ಮೊದಲು ನೆಲದವರನ್ನೆಲ್ಲ ನೋಡಿ ಬರುವುದು,
ಹಾಗಂತ ಹೊರಟದ್ದು.
ಸಿರುಗುಪ್ಪದಲ್ಲಿ ಅತ್ತಿಗೆಗೆ ರುಬ್ಬುಗುಂಡು ಇಳಿಸಿದೆವು.
"ನಡುನೀರಾಗ ಕೊತ್ತಂಬ್ರಿ ಎಲ್ಲಿ ತರ್ತಿ?"
ಅವಳು ಕೇಳಿದ್ದು ಅದೊಂದೇ.
ನದಿ ದಾಟುವಾಗ ಗಾದಿಲಿಂಗ ಗಾಡಿ ನಿಧಾನ ಮಾಡಿದ.
ನೀರು ತಳಕ್ಕೆ ಇಳಿದಿತ್ತು, ಬಂಡೆಯ ಮೇಲೆ ಒಂದು ಹರಿಗೋಲು
ಬೋರಲು ಬಿದ್ದಿತ್ತು.

ಸಿಂಧನೂರಿನಾಚೆಯ ಕ್ಯಾಂಪಿನಲ್ಲಿ
ಮೊದಲು ಕ್ಲೀನರ್ ಆಗಿದ್ದ ಪರಿಮಲನ ಮನೆ.
ಅವನಪ್ಪ ನಿತಾಯ್ ಮಂಡಲ್ ಹರೆಯದಲ್ಲಿ
ಖುಲ್ನಾದ ಹೊಳೆಗಳಲ್ಲಿ ನಾವೆ ನಡೆಸಿದವನು.
ಇಲ್ಲಿಗೆ ಬಂದ ಮೇಲೆ ಬರೇ ಭತ್ತ.
ಫೋಟೋವನ್ನು ಕಣ್ಣಿಗೆ ಒತ್ತಿ ಹಿಡಿದು ನೋಡಿದ.
"ಕಣ್ಣಿಲ್ಲ ಇದಕ್ಕೆ.
ಮುಂದ ಎರಡು ಕಣ್ಣು ಬರೀರಿ, ದಾರಿ ಹೆಂಗ ಕಾಣಬೇಕು?"
ಗಾದಿಲಿಂಗನಿಗೆ ಹಿಂದುಗಡೆಯದೇ ಯೋಚನೆ.
'ಹಾರ್ನ್ ಮಾಡಿ' ಎಂದು ಬರೆಸುತ್ತಾನಂತೆ,
ತಿಮಿಂಗಿಲ ಓವರ್‌ಟೇಕ್ ಮಾಡಿದರೆ!
ಮುದುಕ ನಕ್ಕು ಕೆಮ್ಮಿ, ಕೆಮ್ಮಿ ನಕ್ಕು,
ನಮ್ಮ ಡಿಕ್ಕಿಯ ಬಾಗಿಲು ಕಟ್ಟಿದ್ದ ಹಗ್ಗ ಕಂಡು
ಸುಮ್ಮನಾದ.
ಎದ್ದು ಬಂದು ಬಿಚ್ಚಿದ.
ಬೆರಳುಗಳು ಗಂಟುಗಂಟು, ನಡುಗುತ್ತಿದ್ದವು,
ಹಗ್ಗ ಹಿಡಿದೊಡನೆ ನಿಂತವು.
ಒಂದು ಕುಣಿಕೆ, ಅದರೊಳಗಿಂದ ಮೇಲೆ,
ಹಿಂದಿನಿಂದ ಸುತ್ತಿ ಮತ್ತೆ ಒಳಗೆ.
"ಎಷ್ಟರ ಜಗ್ಗಲಿ ಜಾರಂಗಿಲ್ಲ.
ಬಿಚ್ಚಾಕ ಒಂದ ಬೆರಳು ಸಾಕು."
ಮತ್ತೊಮ್ಮೆ ತೋರಿಸಜ್ಜ ಅನ್ನುವಷ್ಟರಲ್ಲಿ
ಸೊಸೆ ಮೀನಿನ ಸಾರು ಬಡಿಸಿದ್ದಳು.

ರಾಯಚೂರು, ಲಿಂಗಸುಗೂರು, ಯಾರ್ಯಾರದೋ ಜಗಲಿ, ಮಂಡಕ್ಕಿ, ಮಿರ್ಚಿ.
ಹೊಲಿಗೆ ಯಂತ್ರ ಮಾನವಿಯ ಹುಡುಗಿಗೆ ಕೊಟ್ಟಾಗ ಮಾತ್ರ
ನಾನು ಗಾಡಿಯಿಂದ ಇಳಿಯಲಿಲ್ಲ.

ಕುಷ್ಟಗಿ ದಾಟಿ, ಕೊಪ್ಪಳ ಇನ್ನೂ ಇರುವಾಗ,
ರಸ್ತೆ ಬದಿ ರಾತ್ರಿ.
ಹಾಯಿಯನ್ನು ಹಾಸಿ ಅದರ ಮೇಲೆ ಮಲಗಿದೆವು,
ಮೊಣಕಾಲು ಮಡಚಿ, ದೋಣಿಯ ಅಳತೆಗೆ,
ಅಭ್ಯಾಸ ಆಗಲಿ ಎಂದು.
ಲಾರಿಯೊಂದು ಹಾದಾಗೆಲ್ಲ ಓಮ್ನಿ ತೂಗುತ್ತಿತ್ತು.
"ಇಷ್ಟ ಅಲುಗತೈತೇನು ಅದು?"
ಅವನು ನಿದ್ದೆ ಹೋಗಿದ್ದ.
ದೂರದ ದಿಣ್ಣೆಯ ಮೇಲೆ ಗಾಳಿಯಂತ್ರಗಳ ಕೆಂಪು ದೀಪ.
ಬೆಳಕು ಹರಿದಾಗ ನೋಡಿದೆ,
ಎಲ್ಲವೂ ಪಡುವಣಕ್ಕೆ ಮುಖ ಮಾಡಿ ತಿರುಗುತ್ತಿದ್ದವು.

ಚಹಾ ಮಾಡು ಅಂದ.
ಸ್ಟೌ ಇದ್ದದ್ದು ಡಿಕ್ಕಿಯಲ್ಲಿ, ಆ ಗಂಟಿನ ಹಿಂದೆ.
ಒಂದು ಬೆರಳು ಇಟ್ಟೆ. ತೆಗೆದೆ.
ಬಿಚ್ಚಿದರೆ ಮತ್ತೆ ಕಟ್ಟಲು
ನನಗೂ ಬಾರದು, ಅವನಿಗೂ ಬಾರದು.

ಕೊಪ್ಪಳದಾಗ ಕುಡಿಯಾಣ ನಡಿ, ಅಂದೆ.